ಬ್ಯಾಟಿಗೆ ನೆನಪಿಲ್ಲ ಎಂದವರು

ಕಳೆದ ತಿಂಗಳು ಅಮೆರಿಕದ ಬೆರ್ರಿಯೆಸಾದ ಒಂದು ಬಾಡಿಗೆ ಹಾಲಿನಲ್ಲಿ ನಾವು ನಲವತ್ತು ಜನ ಶ್ರದ್ಧಾಂಜಲಿಗೆಂದು ಸೇರಿ ಅವರನ್ನು ಹೊಗಳಿದೆವು. ಸರಿಯಾಗಿ ಹೇಳುವುದಾದರೆ ಹೊಗಳಿದವರು ಮೂವತ್ತೊಂಬತ್ತು ಜನ. ನಾನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಎರಡು ವರ್ಷದಿಂದ ಎಲ್ಲಿಗೆ ಹೋದರೂ ಗೋಡೆಗೇ ಬೆನ್ನು ಕೊಟ್ಟು ಕೂರುತ್ತೇನೆ. ಅದಕ್ಕೆ ಕಾರಣವೂ ಅವರೇ.

ಒಬ್ಬರು ಎದ್ದು ಅವರ ತಾಳ್ಮೆಯ ಬಗ್ಗೆ ಮಾತಾಡಿದರು. ಇನ್ನೊಬ್ಬರು ವಿನಯದ ಬಗ್ಗೆ. ವಿನಯ! ಸ್ಟೇಡಿಯಮ್ಮಿನಲ್ಲಿ ಹಿಂದಿನ ಸಾಲಿನಲ್ಲಿ ಕೂತ, ಮುಖಪರಿಚಯವೂ ಇಲ್ಲದ ಅಮೆರಿಕನ್ನರ ಕಡೆ ತಿರುಗಿ, ನೀವು ಯಾಕೆ ಮೂರ್ಖರು ಎಂದು ವಿವರಿಸುತ್ತಿದ್ದ ಮನುಷ್ಯನ ವಿನಯ. ಯಾರಾದರೂ ದಡ್ಡ ಮಾತಾಡಿದರೆ ಅವರು ಕನ್ನಡಕವನ್ನು ಹಣೆಯ ಮೇಲಕ್ಕೆ ಎತ್ತಿ ಬರಿಗಣ್ಣಿನಲ್ಲಿ ನೋಡುತ್ತಿದ್ದರು. ನಿನ್ನನ್ನು ಸ್ಪಷ್ಟವಾಗಿ ನೋಡುವ ಅಗತ್ಯವಿಲ್ಲ ಎನ್ನುವಂತೆ. ಆ ನೋಟವನ್ನು ಹಾಲಿನಲ್ಲಿದ್ದ ಎಲ್ಲರೂ ಒಮ್ಮೆಯಾದರೂ ಉಂಡವರೇ. ಆದರೂ ವಿನಯ ಎಂದಾಗ ತಲೆಯಾಡಿಸಿದರು.

ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯ ಮಕ್ಕಳೆಲ್ಲ ಅವರನ್ನು ಸ್ಕೋರ್ ಅಜ್ಜ ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಅಷ್ಟೇ ಸಾಕು. ಉಡುಪಿಯ ಕಡೆಯವರು. ಮಲ್ಪೆಯ ಮರಳಿನಲ್ಲಿ ಬೆಳೆದವ ಎಂದು ತಾವೇ ದಿನಕ್ಕೊಮ್ಮೆ ಹೇಳಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದು ನಿವೃತ್ತರಾದ ಮೇಲೆ ಅವರು ಮಾಡಿದ ಏಕೈಕ ಕೆಲಸವೆಂದರೆ ಬೇಸ್‌ಬಾಲ್ ನೋಡಿ ಬರೆದುಕೊಳ್ಳುವುದು. ಜೂನ್ ತಿಂಗಳ ಬಿಸಿಲಿನಲ್ಲೂ ಕಂದು ಬಣ್ಣದ ತೋಳಿಲ್ಲದ ಸ್ವೆಟರು. ಕಿವಿಗೆ ಎರಡು ಪೆನ್ಸಿಲು, ಒಂದು ಕಪ್ಪು, ಒಂದು ಕೆಂಪು. ತೊಡೆಯ ಮೇಲೆ ಉದ್ದನೆಯ ಸ್ಕೋರ್ ಪುಸ್ತಕ. ಸ್ವೆಟರಿನ ಒಳಗೆ ಗೇಟಿನವರ ಕಣ್ಣು ತಪ್ಪಿಸಿ ತಂದ ಚಿತ್ರಾನ್ನದ ಡಬ್ಬಿ.

ಅವರ ಜೊತೆಗಾರ ನನ್ನ ಮಾವ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು, ಅತ್ತೆ ಹೋದ ಮೇಲೆ ನಮ್ಮ ಜೊತೆಗೇ ಇದ್ದರು. ಊರಿನ ಚಿಕ್ಕ ಸ್ಟೇಡಿಯಮ್ಮಿನಲ್ಲಿ ಮಧ್ಯಾಹ್ನದ ಆಟವಿದ್ದರೆ ಇಬ್ಬರನ್ನೂ ಇಳಿಸಿ, ಸಂಜೆ ಕರೆತರುವುದು ನನ್ನ ಪಾಲಿನ ಡ್ಯೂಟಿ. ಶನಿವಾರವಾದರೆ ಮಗಳನ್ನೂ ಕರೆದುಕೊಂಡು ನಾನೂ ಒಳಗೇ ಕೂರುತ್ತಿದ್ದೆ. ಆರು ವರ್ಷ ಕೂತಿದ್ದೇನೆ. ಆರು ವರ್ಷ ಒಂದೇ ಜಗಳ ಕೇಳಿದ್ದೇನೆ.

ಜಗಳ ಅರ್ಥವಾಗಲು ಆಟದ ಒಂದು ಸಂಗತಿ ತಿಳಿದರೆ ಸಾಕು. ಬೇಸ್‌ಬಾಲಿನಲ್ಲಿ ಕ್ರಿಕೆಟ್ಟಿನಂತೆ ಔಟಾಗುವವರೆಗೂ ನಿಂತು ಹೊಡೆಯುವಂತಿಲ್ಲ. ಒಂಬತ್ತು ಜನ ಸರದಿಯ ಪ್ರಕಾರ ಬರುತ್ತಾರೆ, ಹೋಗುತ್ತಾರೆ, ಮತ್ತೆ ಬರುತ್ತಾರೆ. ಒಂದು ಆಟದಲ್ಲಿ ಒಬ್ಬನಿಗೆ ಸುಮಾರು ನಾಲ್ಕು ಸರದಿ. ಮೊದಲ ಮೂರು ಸರದಿಯಲ್ಲಿ ಜನ ಬಿಯರು ತರಲು ಹೋಗಿರುತ್ತಾರೆ. ನಾಲ್ಕನೆಯದು ಬರುವುದು ಆಟ ಮುಗಿಯುವ ಹೊತ್ತಿಗೆ, ಎಲ್ಲರೂ ಎದ್ದು ನಿಂತಿರುವಾಗ. ಆಗಿನ ಪ್ರಶ್ನೆ ಇದು: ಇವತ್ತು ಮೂರು ಸಲವೂ ಚೆನ್ನಾಗಿ ಹೊಡೆದವನು ಈಗಲೂ ಹೊಡೆಯುತ್ತಾನೆಯೇ? ಮೂರು ಸಲವೂ ಸೋತವನು ಈಗಲೂ ಸೋಲುತ್ತಾನೆಯೇ?

ಮಾವನಿಗೆ ಅದು ಪ್ರಶ್ನೆಯೇ ಅಲ್ಲ. ನಲವತ್ತು ವರ್ಷ ಮೈದಾನದಲ್ಲಿ ಸೀಟಿ ಊದಿದವರು.

"ಇವತ್ತ ಅವನ ಕೈ ಕೂಡ್ಯದ ನೋಡ್ರಿ. ಮೂರು ಸಲ ಹೊಡದಾನ, ನಾಕನೇದ್ದೂ ಹೊಡೀತಾನ."

ಸ್ಕೋರ್ ಅಜ್ಜ ಪೆನ್ಸಿಲಿನ ತುದಿ ನೆಕ್ಕುತ್ತಿದ್ದರು. "ಎಂತದು ಕೂಡಿದ್ದು ಮಾಸ್ಟ್ರೇ? ಬ್ಯಾಟಿಗೆ ನೆನಪುಂಟಾ?"

"ಬ್ಯಾಟಿಗೆ ಇರೂದಿಲ್ರಿ, ಕೈಗಿರ್ತದ."

"ಮೂರು ಸಲ ಯಾರ ಚೆಂಡು ಹೊಡೆದ? ಆ ಪಿಚರ್ ಈಗ ಎಲ್ಲುಂಟು? ಭುಜಕ್ಕೆ ಐಸು ಕಟ್ಟಿ ಕೂತಿದ್ದಾನೆ. ಈಗ ಬಂದವ ಹೊಸಬ, ಜೋರಿದ್ದಾನೆ. ಮತ್ತೆ ಮೂರು ಅಂದ್ರೆ ಎಂತ ಮಾರಾಯ್ರೇ, ಮೂರು! ಮೂರು ದೋಸೆ ಹರಿಯದೆ ಎದ್ದು ಬಂತು ಅಂತ ನಾಲ್ಕನೇದೂ ಬರ್ತದೆ ಅಂತ ಬರೆದು ಕೊಡ್ತೀರಾ?"

"ಕೊಡ್ತೀನ್ರಿ!" ಮಾವ ತೊಡೆ ತಟ್ಟಿದರು. "ಹಂಚು ಕಾದಿರ್ತದಲ್ರಿ, ಉಡುಪಿಯವ್ರ!"

ನನ್ನ ಮಗಳು ನಕ್ಕು ಸೀಟಿನಿಂದ ಜಾರಿದಳು. ಸ್ಕೋರ್ ಅಜ್ಜನ ಕನ್ನಡಕ ಹಣೆಗೆ ಏರಿತು. ಅಂದು ಆ ಹುಡುಗ ನಾಲ್ಕನೆಯದನ್ನೂ ಬೇಲಿಯಾಚೆಗೆ ಹೊಡೆದ. ಮಾವ ಎದ್ದು ನಿಂತು, ಮುಂದಿನ ಸಾಲಿನ ಅಪರಿಚಿತನ ಬೆನ್ನು ಚಪ್ಪರಿಸಿ ಕುಣಿದರು. ಸ್ಕೋರ್ ಅಜ್ಜ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ತಲೆ ಎತ್ತದೆ ಹೇಳಿದರು:

"ಇದ್ರಿಂದ ಎಂತದೂ ಸಾಬೀತಾಗ್ಲಿಲ್ಲ."

ಇದು ಅವರ ಮಂತ್ರ. ಹೊಡೆದವನು ಮತ್ತೆ ಹೊಡೆದರೂ ಸಾಬೀತಾಗಲಿಲ್ಲ, ಸೋತರೂ ಸಾಬೀತಾಗಲಿಲ್ಲ. ಆಟ ತಮ್ಮ ಮಾತಿನಂತೆ ನಡೆದ ದಿನವೂ ಅದನ್ನೇ ಹೇಳುತ್ತಿದ್ದರು. ಅಷ್ಟರ ಮಟ್ಟಿಗೆ ಪ್ರಾಮಾಣಿಕರು, ಒಪ್ಪಿಕೊಳ್ಳುತ್ತೇನೆ. ಮನೆಯ ಗರಾಜಿನಲ್ಲಿ ಅಂಥ ಪುಸ್ತಕಗಳು ಸೊಂಟದೆತ್ತರ ಇದ್ದವು. ವರ್ಷಗಟ್ಟಲೆ ಕೂತು ಒಬ್ಬೊಬ್ಬ ಆಟಗಾರನ ಮೊದಲ ಸರದಿಗಳನ್ನು ಕಪ್ಪಿನಲ್ಲೂ ಕೊನೆಯ ಸರದಿಯನ್ನು ಕೆಂಪಿನಲ್ಲೂ ಬರೆದು ಹೋಲಿಸಿದ್ದರು. ಅವರಿಗೆ ಕಂಡದ್ದು ಇಷ್ಟು: ಇಡೀ ವರ್ಷ ಅವನು ಹೇಗೆ ಆಡಿದ ಎಂಬುದು ಏನೋ ಒಂದಿಷ್ಟು ಹೇಳುತ್ತದೆ, ಇವತ್ತು ಮಧ್ಯಾಹ್ನ ಹೇಗೆ ಆಡಿದ ಎಂಬುದು ಹೆಚ್ಚೇನೂ ಹೇಳುವುದಿಲ್ಲ. ಸ್ವಲ್ಪ ಹೊತ್ತು ನೋಡಿದವನಿಗೆ ಎಲ್ಲದರಲ್ಲೂ ಒಂದು ಕ್ರಮ ಕಾಣುತ್ತದೆ, ತುಂಬ ಹೊತ್ತು ನೋಡಿದವನಿಗೆ ಅದು ಕರಗಿಹೋಗುತ್ತದೆ ಎಂದು ನಮಗೆ ಪಾಠ ಹೇಳುತ್ತಿದ್ದರು. ಸುಂದರವಾದ ಮಾತು. ಅದನ್ನು ಹೇಳುವಾಗ ಅವರ ಮುಖದಲ್ಲಿ ಇರುತ್ತಿದ್ದ ತೃಪ್ತಿಯನ್ನು ಈಗ ನೆನೆದರೆ ನನಗೆ ಮೈ ಉರಿಯುತ್ತದೆ.

ಅವರಿಂದಲೇ ಮಗಳಿಗೆ ಆಟದ ಹುಚ್ಚು ಹತ್ತಿತು. ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದಾಗ ಹತ್ತು ವರ್ಷ. ಒಂದು ಶನಿವಾರ ಮೂರು ಸರದಿಯಲ್ಲೂ ಚೆಂಡಿಗೆ ಬ್ಯಾಟು ತಾಗಿಸಲಾಗದೆ, ಕೊನೆಯ ಸರದಿಗೆ ಮುಂಚೆ ಬೆಂಚಿನ ಮೇಲೆ ಮುಖ ಮುಚ್ಚಿ ಕೂತಿದ್ದಳು. ನಾನು ಏನು ಹೇಳಿದರೂ "ಅಮ್ಮಾ, ಸ್ಟಾಪ್" ಎಂದಷ್ಟೇ. ಸ್ಕೋರ್ ಅಜ್ಜ ತಂತಿ ಬೇಲಿಯ ಹತ್ತಿರ ಹೋಗಿ ನಿಂತರು.

"ಮಗಾ, ಆ ಬ್ಯಾಟು ಇತ್ಲಾಗಿ ಕೊಡು."

ಅವಳು ಬೇಲಿಯ ಮೇಲಿಂದ ಕೊಟ್ಟಳು. ಅವರು ಅದನ್ನು ಕಿವಿಗಿಟ್ಟುಕೊಂಡು, ವೈದ್ಯರು ಎದೆಬಡಿತ ಕೇಳುವಂತೆ ಕಣ್ಣು ಮುಚ್ಚಿ ನಿಂತರು. "ಇದಕ್ಕೆ ಎಂತದೂ ನೆನಪಿಲ್ಲ. ನಿನಗ್ಯಾಕೆ?"

ಅವಳು ಕಣ್ಣೊರೆಸಿಕೊಂಡು ಹೋಗಿ ನಾಲ್ಕನೇ ಸಲವೂ ಔಟಾಗಿ ಬಂದಳು. ಬಂದವಳೇ ಸೊಂಟದ ಮೇಲೆ ಕೈಯಿಟ್ಟು, "ಅಜ್ಜ, ಯುವರ್ ಥಿಯರಿ ಈಸ್ ಗಾರ್ಬೇಜ್" ಎಂದಳು.

"ಇದ್ರಿಂದ ಎಂತದೂ ಸಾಬೀತಾಗ್ಲಿಲ್ಲ ಮಗಾ."

ಅವಳು ಕಾರಿನಲ್ಲಿ ಮನೆಯವರೆಗೂ ನಗುತ್ತಲೇ ಇದ್ದಳು. ಆ ದಿನ ನನಗೆ ಅವರು ಇಷ್ಟವಾಗಿದ್ದರು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಇಷ್ಟವಾಗಿದ್ದರು.

ಮರುವರ್ಷದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಸ್ಥಿ ಗೋಕರ್ಣಕ್ಕೆ ಹೋಗಬೇಕು, ಆದರೆ ಒಂದು ಹಿಡಿ ಇಲ್ಲಿಯ ಸಮುದ್ರಕ್ಕೂ ಬಿಡಬೇಕು ಎಂದು ನನ್ನ ಗಂಡನಿಗೆ ಆಸೆ. ಪುರೋಹಿತರು ದೇವಸ್ಥಾನದ ಕೆಲಸ ಮುಗಿಸಿ ಕೊಟ್ಟರು. ಸಮುದ್ರದ ಕೆಲಸಕ್ಕೆ ಸ್ಕೋರ್ ಅಜ್ಜ ತಾವಾಗಿಯೇ ಮುಂದೆ ಬಂದರು.

"ಸಮುದ್ರದ ವಿಷಯ ನಂಗೆ ಬಿಡಿ. ನಾನು ಮಲ್ಪೆಯವ."

ಮಲ್ಪೆಯ ಸಮುದ್ರ ಬೇರೆ, ಇದು ಬೇರೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನೀರು ನೀರೇ ತಾನೇ?

ನಾವು ಬೆಟ್ಟ ದಾಟಿ ತಲುಪುವ ಹೊತ್ತಿಗೆ ಅವರು ಒಂದು ಗಂಟೆ ಮೊದಲೇ ಬಂದು, ಮಡಿಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ತೊಡೆಯ ಮೇಲೆ ಅದೇ ಸ್ಕೋರ್ ಪುಸ್ತಕ. ಪಾರ್ಕಿಂಗಿನಿಂದ ಮರಳಿಗೆ ಇಳಿಯುವ ದಾರಿಯಲ್ಲಿ ಒಂದು ಹಳದಿ ಬೋರ್ಡು ಇತ್ತು. ಒಬ್ಬ ಮನುಷ್ಯನ ಚಿತ್ರ, ಅವನ ಬೆನ್ನ ಹಿಂದೆ ಅವನಿಗಿಂತ ಎತ್ತರದ ಅಲೆ. ಎಂದಿಗೂ ಸಮುದ್ರಕ್ಕೆ ಬೆನ್ನು ಹಾಕಬೇಡಿ ಎಂದು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಬರೆದಿತ್ತು. ನಾನು ಅದನ್ನು ಅವರಿಗೆ ಹೇಳಿದೆ. ಕನ್ನಡಕ ಹಣೆಗೆ ಏರಿತು.

"ಆ ಬೋರ್ಡು ಟೂರಿಸ್ಟರಿಗೆ ಮಾರಾಯ್ತಿ. ಇಲ್ಲಿ ನೋಡು."

ಒದ್ದೆ ಮರಳು ಮುಗಿಯುವ ಕಡೆ ಅವರು ಒಂದು ಕೋಲು ನೆಟ್ಟಿದ್ದರು. ಪುಸ್ತಕದಲ್ಲಿ ಅಲೆಗಳಿಗೆ ಸ್ಕೋರು! ಬಂದ ಒಂದೊಂದು ಅಲೆಗೂ ಒಂದೊಂದು ಕಪ್ಪು ಗೆರೆ. ಪುಟದ ತುಂಬ ಗೆರೆ. ಕೋಲು ದಾಟಿದರೆ ಕೆಂಪು ಹಾಕಬೇಕೆಂದು ಕೆಂಪು ಪೆನ್ಸಿಲು ಕಿವಿಯಲ್ಲೇ ಕಾಯುತ್ತಿತ್ತು.

"ಒಂದು ಗಂಟೆಯಿಂದ ಬರೀತಾ ಇದ್ದೇನೆ. ಒಂದೂ ದಾಟ್ಲಿಲ್ಲ. ಕೋಲಿನ ಹತ್ತಿರ ನಿಂತು ಬಿಟ್ರೆ ಕಾಲು ಒದ್ದೆ ಆಗ್ತದೆ ಅಷ್ಟೇ."

ಉತ್ತರ ನನ್ನ ಬಾಯಲ್ಲೇ ಇತ್ತು. ಆರು ವರ್ಷ ಅವರ ಪಕ್ಕದಲ್ಲೇ ಕೂತು ಕಲಿತ ಉತ್ತರ. ಒಂದು ಗಂಟೆ ಎಂದರೆ ಎಷ್ಟು ಅಂಕಲ್? ಹಿಂದಿನ ಅಲೆಗಳು ಮುಂದಿನದಕ್ಕೆ ಏನಾದರೂ ಹೇಳಿ ಹೋಗಿವೆಯೇ? ಇದನ್ನು ಕೇಳಲು ಅಂಕಿಸಂಖ್ಯೆಯ ಪದವಿ ಬೇಕಿರಲಿಲ್ಲ. ಆದರೆ ನನ್ನ ಬಳಿ ಆ ಪದವಿಯೂ ಇತ್ತು. ಕೇಳಲಿಲ್ಲ. ನಾವು ಸಾವಿನ ಮನೆಯವರು, ಅವರು ಹಿರಿಯರು, ಅಸ್ಥಿಯ ಮುಂದೆ ವಾದ ಯಾಕೆ ಎಂದುಕೊಂಡೆ. ಮರ್ಯಾದೆ ಎನ್ನುವುದು ಎಂಥೆಂಥ ಕಡೆ ನಮ್ಮ ಬಾಯಿ ಕಟ್ಟುತ್ತದೆ ಎಂದು ನೆನೆದಾಗಲೆಲ್ಲ ಅವರಿಗಿಂತ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನೀರಿಗೆ ಹೋಗಬೇಕಾದವರು ಮೂವರು ಎಂದು ಅವರೇ ತೀರ್ಮಾನಿಸಿದರು: ಮಗ, ಮೊಮ್ಮಗಳು, ಮತ್ತು ತಾವು. ಸೊಸೆಗೆ ನೀರಿಗೆ ಇಳಿಯುವ ಕೆಲಸವಿಲ್ಲ. ಶೂ, ಕೋಟು, ಫೋನು ನೋಡಿಕೊಳ್ಳುತ್ತ ಮೇಲೆ ನಿಲ್ಲಬೇಕು. ನಾನು ತೀರಕ್ಕೆ ಬಂದು ಬಿದ್ದಿದ್ದ ದೊಡ್ಡ ಮರದ ದಿಮ್ಮಿಯ ಹತ್ತಿರ ನಿಂತೆ. ಅಷ್ಟು ದೂರಕ್ಕೂ ಕೇಳುವಂತೆ ಅವರು ಮಗಳಿಗೆ ವಿವರಿಸುತ್ತಿದ್ದರು.

"ಬಿಟ್ಟ ಮೇಲೆ ಬೆನ್ನು ಹಾಕಿ ಬಂದುಬಿಡಬೇಕು ಮಗಾ. ತಿರುಗಿ ನೋಡ್ಲಿಕ್ಕಿಲ್ಲ. ನೋಡಿದ್ರೆ ಹೋದವರಿಗೆ ಹೋಗ್ಲಿಕ್ಕೆ ಮನಸ್ಸಾಗುದಿಲ್ಲ. ಯಾರು ಕರೆದ್ರೂ ನೋಡ್ಬಾರ್ದು."

"ಈವನ್ ಇಫ್ ಅಮ್ಮ ಕಾಲ್ಸ್?"

"ಅಮ್ಮ ಕರೆದ್ರೂ."

ಈ ಪದ್ಧತಿ ನಮ್ಮೆಲ್ಲರ ಮನೆಯಲ್ಲೂ ಇದೆ. ಅದನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ನದಿಯ ಮೆಟ್ಟಿಲ ಮೇಲೆ ನಿಂತು ಮಾಡುವುದನ್ನು, ಬೆನ್ನು ಹಾಕಬೇಡಿ ಎಂದು ಬೋರ್ಡು ಬರೆದು ನಿಲ್ಲಿಸಿದ ಸಮುದ್ರದ ಮುಂದೆ ಮಾಡಲು ನಮ್ಮಂಥ ಓದಿದವರೇ ಬೇಕು.

ಇಲ್ಲಿಂದ ಮುಂದಿನದು ಹೆಚ್ಚೆಂದರೆ ಅರ್ಧ ನಿಮಿಷ. ಎರಡು ವರ್ಷದಿಂದ ನಾನು ಅದನ್ನು ಫ್ರೀವೇಯಲ್ಲಿ ನೋಡಿದ್ದೇನೆ, ಆಫೀಸಿನ ಮೀಟಿಂಗಿನಲ್ಲಿ ನೋಡಿದ್ದೇನೆ, ಗ್ರೋಸರಿ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತ ನೋಡಿದ್ದೇನೆ.

ಗಂಡ ಬಗ್ಗಿ ಬೂದಿ ಬಿಟ್ಟ. ಮೂವರೂ ತಿರುಗಿ ನನ್ನ ಕಡೆ ನಡೆಯತೊಡಗಿದರು. ಗಂಡನ ತಲೆ ತಗ್ಗಿತ್ತು. ಸ್ಕೋರ್ ಅಜ್ಜ ಏನೋ ಮಂತ್ರ ಗೊಣಗುತ್ತಿದ್ದರು. ಕೆಂಪು ಜಾಕೆಟ್ಟಿನ ಮಗಳು ತಿರುಗದೆ ಇರಲು ಕಷ್ಟಪಟ್ಟು ತುಟಿ ಕಚ್ಚಿಕೊಂಡು ಬರುತ್ತಿದ್ದಳು. ಅವರ ಹಿಂದೆ ನೀರು ಹಿಂದಕ್ಕೆ ಹೋಯಿತು. ಅದುವರೆಗೆ ಹೋಗದಷ್ಟು ದೂರ, ಸದ್ದಿಲ್ಲದೆ. ಆಮೇಲೆ ಅಡ್ಡಡ್ಡ ಒಂದು ಬೂದು ಗೆರೆ ಎದ್ದಿತು. ಅದು ಗೆರೆಯಲ್ಲ, ಎತ್ತರ ಎಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು.

"ಓಡಿ!" ಎಂದೆ. ಗಾಳಿ ಸಮುದ್ರದಿಂದ ನನ್ನ ಕಡೆ ಬೀಸುತ್ತಿತ್ತು. ಮಾತು ಹೋಗಲಿಲ್ಲ, ಕೂಗು ಮಾತ್ರ ಹೋಯಿತು. ಮಗಳು ತಲೆ ಎತ್ತಿದಳು. ಅವಳ ಮುಖದಲ್ಲಿ ನಗು. ಅಜ್ಜ ಹೇಳಿದ್ದು ಹಾಗೇ ಆಯಿತಲ್ಲ, ಅಮ್ಮ ಕರೆಯುತ್ತಿದ್ದಾಳೆ, ನಾನು ಸೋಲುವುದಿಲ್ಲ ಎನ್ನುವ ನಗು. ನಾನು ಕೈ ಮಾಡಿ ಅವರ ಹಿಂದೆ ತೋರಿಸಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು.

ನಂತರ ಮೂವರೂ ಇರಲಿಲ್ಲ. ನೊರೆ ದಿಮ್ಮಿಯವರೆಗೆ ಬಂದು ನನ್ನ ಮೊಣಕಾಲು ನೆನೆಸಿತು. ಮೊದಲು ಗಂಡ ಎದ್ದ. ಕೆಂಪು ಜಾಕೆಟ್ಟು ಇಳಿಯುವ ನೀರಿನ ಜೊತೆ ಇಳಿಯುತ್ತಿತ್ತು. ನಾನು ಓಡಲಿಲ್ಲ. ಕೈಯಲ್ಲಿದ್ದ ಶೂಗಳನ್ನು ಕೆಳಗೆ ಬಿಡಬಹುದು ಎಂದೂ ಹೊಳೆಯಲಿಲ್ಲ. ಬಂಡೆಯ ಹತ್ತಿರ ಗಾಳ ಹಾಕುತ್ತಿದ್ದ ಒಬ್ಬ ಮನುಷ್ಯ, ಎದೆಯವರೆಗಿನ ರಬ್ಬರ್ ಪ್ಯಾಂಟಿನವನು, ಓಡಿ ಹೋಗಿ ಜಾಕೆಟ್ಟಿನ ಟೋಪಿಗೆ ಕೈ ಹಾಕಿ ಎಳೆದ. ಇನ್ನೊಂದು ಅಲೆ ಅವರಿಬ್ಬರ ಮೇಲೂ ಹೋಯಿತು. ಅದು ಇಳಿದಾಗ ಅವನ ಕೈ ಟೋಪಿಯಲ್ಲೇ ಇತ್ತು.

ಅವಳನ್ನು ತಂದು ನನ್ನ ಕಾಲ ಬಳಿ ಹಾಕಿದ. ಅವಳು ಮರಳು ಕಾರಿಕೊಂಡಳು, ಅತ್ತಳು. ಅವನು ಬಗ್ಗಿ ಮೊಣಕಾಲು ಹಿಡಿದು ಏದುಸಿರು ಬಿಡುತ್ತ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಬೋರ್ಡಿನ ಕಡೆ ಕೈ ತೋರಿಸಿ ಕೇಳಿದ: "ಕ್ಯಾನ್ ನನ್ ಆಫ್ ಯು ರೀಡ್?"

ನಮ್ಮ ನಾಲ್ವರಲ್ಲಿ ಮೂವರ ಹತ್ತಿರ ಪದವಿಗಳಿದ್ದವು.

ಸ್ಕೋರ್ ಅಜ್ಜ ಸ್ವಲ್ಪ ದೂರದಲ್ಲಿ ಮೊಣಕಾಲೂರಿ ಕೂತಿದ್ದರು. ಅವರಿಗೆ ಒಂದು ಗೀರೂ ಆಗಿರಲಿಲ್ಲ. ಕೋಲಿಲ್ಲ, ಕುರ್ಚಿಯಿಲ್ಲ, ಪುಸ್ತಕವಿಲ್ಲ. ಕನ್ನಡಕವೂ ಹೋಗಿತ್ತು. ಮಗುವಿಗೆ ಏನಾಯಿತು ಎಂದು ಕೇಳಲಿಲ್ಲ. ಸಮುದ್ರವನ್ನೇ ನೋಡುತ್ತ ಹೇಳುತ್ತಿದ್ದರು:

"ಇಲ್ಲಿವರೆಗೆ ಒಂದೂ ಇಷ್ಟು ಬರ್ಲಿಲ್ಲ... ಒಂದೂ ಇಷ್ಟು ಬರ್ಲಿಲ್ಲ."

ನಾನು ಹತ್ತಿರ ಹೋಗಿ, "ಅಂಕಲ್, ಸಮುದ್ರಕ್ಕೆ ನೆನಪುಂಟಾ?" ಎಂದೆ. ಅವರದೇ ಊರಿನ ರಾಗದಲ್ಲಿ, ಅವರದೇ ಮಾತು. ಅವರ ಕೈ ಅಭ್ಯಾಸಬಲದಿಂದ ಕನ್ನಡಕ ಎತ್ತಲು ಹಣೆಗೆ ಹೋಯಿತು. ಎತ್ತಲು ಏನೂ ಇರಲಿಲ್ಲ. ಕೈ ಹಣೆಯ ಮೇಲೇ ನಿಂತಿತು.

ಅವರ ಜೊತೆ ನಾನಾಡಿದ ಕೊನೆಯ ಮಾತು ಅದು.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ತಮ್ಮ ಹಿತ್ತಲಿನ ನಿಂಬೆಹಣ್ಣು ಚೀಲದಲ್ಲಿ ತುಂಬಿ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದರು. ಚೀಟಿಯಿಲ್ಲ, ಬೆಲ್ಲು ಒತ್ತುವುದಿಲ್ಲ. ನಾನು ಚೀಲವನ್ನು ಹಾಗೇ ಎತ್ತಿ ಹಸಿಕಸದ ಡಬ್ಬಿಗೆ ಹಾಕುತ್ತಿದ್ದೆ. ಮಗಳ ಆಟಗಳಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ನಾವಿರುವ ಕಡೆ ಅಲ್ಲ, ಎದುರು ತಂಡದ ತಂದೆತಾಯಂದಿರ ಮಧ್ಯೆ, ಹೊಸ ಕನ್ನಡಕ ಹಾಕಿಕೊಂಡು, ಹೊಸ ಪುಸ್ತಕ ತೊಡೆಯ ಮೇಲಿಟ್ಟುಕೊಂಡು. ಮಗಳು ಸರದಿ ಮುಗಿಸಿ ಅವರ ಕಡೆ ಕೈಬೀಸುತ್ತಿದ್ದಳು. ನಾನು ಫೋನು ನೋಡುತ್ತಿದ್ದೆ.

ಗಂಡನಿಗೆ ನನ್ನ ಸಿಟ್ಟು ಅತಿಯಾಯಿತು ಎನ್ನಿಸುತ್ತಿತ್ತು. "ಅವರಿಗೇನು ಗೊತ್ತಿತ್ತೇನು? ಯಾರಿಗೂ ಗೊತ್ತಿರಲಿಲ್ಲ" ಎಂದ ಒಂದು ದಿನ.

"ಬೋರ್ಡಿಗೆ ಗೊತ್ತಿತ್ತು" ಎಂದೆ.

ನನ್ನನ್ನು ಕಾಡುವುದು ಅವರು ತಪ್ಪು ಮಾಡಿದರು ಎಂಬುದಲ್ಲ. ಬೇರೆಯವರ ಆಟದಲ್ಲಿ, ಸೋತರೆ ಯಾರ ಕೂದಲೂ ಕೊಂಕದ ಆಟದಲ್ಲಿ, ಅವರು ಇಷ್ಟು ಸರಿಯಾಗಿದ್ದರು. ತಮ್ಮ ಕಾಲು ನೀರಿನಲ್ಲಿದ್ದಾಗ, ಪಕ್ಕದಲ್ಲಿ ಮಗುವಿದ್ದಾಗ, ಜಗತ್ತಿನ ಎಲ್ಲ ದಡ್ಡರಂತೆ ಒಂದು ಗಂಟೆಯ ಗೆರೆ ನಂಬಿದರು. ಮಾವನ ಮೂರು ಹೊಡೆತದ ನಂಬಿಕೆಯಿಂದ ಯಾರೂ ಮುಳುಗುತ್ತಿರಲಿಲ್ಲ.

ಕಳೆದ ತಿಂಗಳು ಆ ಹಾಲಿನಲ್ಲಿ ಹೊಗಳಿಕೆ ಮುಗಿದು ಜನ ಪುಳಿಯೋಗರೆಯ ಕಡೆ ಹೋದಾಗ ಅವರ ಹೆಂಡತಿ ಬಂದು ನನ್ನ ಪಕ್ಕ ಕೂತರು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವರು ಎಚ್ಚರವಾಗಿಯೇ ಇದ್ದರಂತೆ.

"ಒಂದು ಹಿಡಿ ಅದೇ ಸಮುದ್ರಕ್ಕೆ ಬಿಡ್ಬೇಕಂತೆ. ಮಾಸ್ಟ್ರಿಗೆ ಬಿಟ್ಟಲ್ಲೇ" ಎಂದರು ಆಂಟಿ.

ನಾನು ಎದ್ದು ಹೋಗಲು ಬ್ಯಾಗಿಗೆ ಕೈ ಹಾಕಿದೆ.

"ಮತ್ತೆ ನೀನು ಬರ್ಬೇಕಂತೆ."

"ನಾನ್ಯಾಕೆ ಆಂಟಿ?"

"ಎಲ್ಲರೂ ಬೆನ್ನು ಹಾಕುವಾಗ ಸಮುದ್ರ ನೋಡ್ಲಿಕ್ಕೆ ಒಬ್ಬರು ಬೇಕಲ್ಲ, ಅವಳನ್ನು ಕರಿ, ಅವಳು ನೋಡ್ತಾಳೆ ಅಂತ ಹೇಳಿದ್ರು. ಬೇರೆ ಎಂತ ಹೇಳ್ಲಿಲ್ಲ. ನೀನು ಬಾರದಿದ್ರೆ ನಾವು ಹೋಗುದಿಲ್ಲ ಅಂತ ನಾನೇ ನಿರ್ಧಾರ ಮಾಡಿದ್ದೇನೆ."

ಎಂಥ ಮನುಷ್ಯ ನೋಡಿ. ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪಾಯಿತು ಎನ್ನದವರು ಸಾಯುವಾಗ ಹೇಳಿ ಕಳಿಸಿದರು. ಅದರಲ್ಲೂ ನನಗೇ ಕೆಲಸ ಹಚ್ಚಿದರು. ಆ ಬೆಟ್ಟದಾಚೆಗೆ ನಾನು ಅಂದಿನಿಂದ ಹೋಗಿರಲಿಲ್ಲ. ಮನೆಯಲ್ಲಿ ಟಬ್ಬು ತುಂಬುವ ಸದ್ದು ಕೇಳಿದರೂ ಎದ್ದು ಹೋಗಿ ನಲ್ಲಿ ನಿಲ್ಲಿಸುವವಳು. ಬರುವುದಿಲ್ಲ ಎಂದುಬಿಡಬಹುದಿತ್ತು. ಹಾಗೆಂದರೆ ಅವರ ಕೊನೆಯ ಆಸೆ ಕೆಡಿಸಿದವಳು ನಾನಾಗುತ್ತಿದ್ದೆ. ಹೋದರೆ ಆ ಅರ್ಧ ನಿಮಿಷ ಮತ್ತೆ ನಿಜವಾಗುತ್ತಿತ್ತು. ಸಾಲದ್ದಕ್ಕೆ ಮಗಳು.

"ಐ'ಮ್ ಕಮಿಂಗ್ ಟೂ."

"ನೀನು ಬರಲ್ಲ."

"ಅಮ್ಮಾ, ಹೀ ಕೆಪ್ಟ್ ಮೈ ಸ್ಕೋರ್." ಒಂದು ಕ್ಷಣ ಬಿಟ್ಟು ಕನ್ನಡದಲ್ಲಿ ಸೇರಿಸಿದಳು, "ಎಲ್ಲಾ ಗೇಮೂ."

ಅವಳಿಗೀಗ ಹದಿಮೂರು. ಮುಳುಗಿದವಳು ಅವಳು, ನಾನಲ್ಲ. ಬಾ ಎಂದೆ. ದಿಮ್ಮಿಯ ಮೇಲೆ ಹತ್ತಿ ನಿಲ್ಲಬೇಕು, ಎಲ್ಲರ ಶೂ ನಿನ್ನ ಹತ್ತಿರ, ಕೆಳಗಿಳಿದರೆ ನೋಡು ಎಂದೆ.

ಹೋದ ಭಾನುವಾರ ಹೋದೆವು. ಗಿಲ್‌ರಾಯ್‌ನಲ್ಲಿರುವ ಅವರ ಮಗ ಕಾರು ತಂದಿದ್ದ. ಹಳದಿ ಬೋರ್ಡು ಅಲ್ಲೇ ಇತ್ತು; ನಾನು ಮೂರು ಸಲ ಓದಿದೆ. ಮಗಳನ್ನು ದಿಮ್ಮಿಯ ಮೇಲೆ ನಿಲ್ಲಿಸಿ, ಆಂಟಿ, ಅವರ ಮಗ, ನಾನು ಮೂವರೂ ನೀರಿನ ಅಂಚಿಗೆ ಇಳಿದೆವು. ನೀರಿನ ಹನಿಯಿಂದ ನನ್ನ ಕನ್ನಡಕ ಮಂಜಾಗುತ್ತಿತ್ತು, ಒರೆಸಲು ಕೂಡ ಕಣ್ಣು ಕೀಳುವ ಧೈರ್ಯವಿಲ್ಲದೆ ಹಾಗೇ ನೋಡುತ್ತಿದ್ದೆ. ಮಗ ಪಾದದಷ್ಟು ನೀರಿನಲ್ಲಿ ಬಗ್ಗಿ ಬೂದಿ ಬಿಟ್ಟ. ಎದ್ದು ತಿರುಗಲು ಹೊರಟ.

"ತಿರುಗಬೇಡ" ಎಂದೆ.

"ಅಕ್ಕ, ಬೆನ್ನು ಹಾಕಿ ಬರ್ಬೇಕಲ್ವಾ? ಅಪ್ಪ ಯಾವಾಗ್ಲೂ ಹೇಳ್ತಿದ್ದದ್ದು, ತಿರುಗಿ ನೋಡ್ಬಾರ್ದು ಅಂತ."

"ಬೆನ್ನೇ ಹಾಕದಿದ್ದರೆ ತಿರುಗಿ ನೋಡುವ ಪ್ರಶ್ನೆ ಎಲ್ಲಿ ಬಂತು? ಹೀಗೇ ಹಿಂದಕ್ಕೆ ನಡಿ."

ಅವನು ತಾಯಿಯ ಮುಖ ನೋಡಿದ. ಆಂಟಿ ಅಳುತ್ತಿದ್ದವರು ನಕ್ಕರು. "ಅವರಿದ್ರೆ ಈಗ ಕನ್ನಡಕ ಎತ್ತುತ್ತಿದ್ರು" ಎಂದು ನನ್ನ ಮೊಣಕೈ ಹಿಡಿದುಕೊಂಡರು.

ಮೂವರೂ ಸಮುದ್ರಕ್ಕೆ ಮುಖ ಮಾಡಿ, ಹಿಮ್ಮಡಿಯಿಂದ ಮರಳು ತಡಕುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಹಿಂದಕ್ಕೆ ನಡೆದೆವು. ನೋಡಿದವರು ಹುಚ್ಚರು ಎಂದುಕೊಂಡಿರಬೇಕು. ನನ್ನ ಬೆನ್ನ ಹಿಂದಿನಿಂದ ಮಗಳು ಕೂಗುತ್ತಿದ್ದಳು. "ಲೆಫ್ಟ್, ಅಮ್ಮಾ! ಕಲ್ಲಿದೆ, ಲೆಫ್ಟ್! ಇನ್ನು ಸ್ಟ್ರೇಟ್. ಆಂಟೀ, ಸೀರೆ!" ನಾನು ಅವಳ ಕಡೆ ತಿರುಗಲಿಲ್ಲ. ಅಲೆಗಳನ್ನು ಎಣಿಸಲೂ ಇಲ್ಲ. ಬಂದ ಒಂದೊಂದನ್ನೂ ಅದೇ ಮೊದಲನೆಯದೆಂಬಂತೆ ನೋಡಿದೆ, ದಿಮ್ಮಿ ಬೆನ್ನಿಗೆ ತಾಗುವವರೆಗೆ.

ಒಂದು ಅಲೆಯೂ ನಮ್ಮ ಹೆಜ್ಜೆಗುರುತು ಮುಟ್ಟಲಿಲ್ಲ. ಕಾರಿನ ಬಳಿ ಕಾಲಿನ ಮರಳು ಕೊಡವುತ್ತ ಮಗ ನಿಟ್ಟುಸಿರು ಬಿಟ್ಟ.

"ನೋಡಿದ್ರಾ ಅಕ್ಕ, ಏನೂ ಆಗ್ಲಿಲ್ಲ. ಸುಮ್ನೆ ಅಷ್ಟು ಹೆದರಿದ್ವಿ."

ನನ್ನ ಕೈ ತಾನಾಗಿ ಮೇಲೆ ಹೋಯಿತು. ಉಪ್ಪು ಹಿಡಿದ ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿನಲ್ಲಿ ಅವನನ್ನು ನೋಡಿದೆ.

"ಇದರಿಂದ ಏನೂ ಸಾಬೀತಾಗಲಿಲ್ಲ ಕಣಪ್ಪ" ಎಂದೆ.